ಕಪ್ಪೆಯನ್ನು ತೂಗುವ ತಕ್ಕಡಿ



ಈ ಪತ್ರಿಕೆಯ ಕಡೆಯ ಪುಟದಲ್ಲಿ ಮಠದ ಜಮಾ-ಖರ್ಚಿನ ವಿವರ ಬರೆಯುವುದು ನನ್ನ ಪಾಲಿಗೆ ಬಂದ ಕಾಯಕ. ನಾನು ಓದಿದ್ದು ಬಿ.ಕಾಂ. ಕಿರ್ದಿ, ಖಾತೆ, ಅಢಾವೆ ಪತ್ರಿಕೆ ಇವೇ ನನಗೆ ತಿಳಿದ ಶಾಸ್ತ್ರಗಳು. ಒಳಗಿನ ಪುಟಗಳಲ್ಲಿ ಬರೆಯುವಷ್ಟು ವಿದ್ವತ್ತು ನನ್ನದಲ್ಲ. ಆದರೆ ಕಳೆದ ವರ್ಷ ನನ್ನ ಮುಂದೆ ಒಂದು ಲೆಕ್ಕ ಬಂತು. ಯಾವ ಖಾತೆಗೆ ಬರೆಯಬೇಕೆಂದು ಹೊಳೆಯದೆ ಕೆಲವು ರಾತ್ರಿ ನಿದ್ದೆಗೆಟ್ಟೆ. ಅದನ್ನು ತಮ್ಮೆಲ್ಲರ ಮುಂದೆ ಬಿಚ್ಚಿಡುವುದು ಒಳ್ಳೆಯದೆಂದು ಹಿರಿಯರು ಹೇಳಿದ್ದರಿಂದ ಈ ನಾಲ್ಕು ಮಾತು.

ಸಂಗತಿ ಹೀಗಿದೆ. ನಮ್ಮ ಮಠದ ಬಹುಕಾಲದ ಭಕ್ತರೊಬ್ಬರಿದ್ದಾರೆ. ಅವರ ಅಜ್ಜನ ಕಾಲದಲ್ಲಿ ಧರ್ಮಪುರಿ ಸೀಮೆಯಿಂದ ಸೇಲಂಗೆ ವ್ಯಾಪಾರಕ್ಕೆಂದು ಹೋದವರು, ಅಲ್ಲೇ ನೆಲೆ ನಿಂತರು. ಮನೆಯಲ್ಲಿ ಇಂದಿಗೂ ಕನ್ನಡವೇ. ಅವರಿಗೆ ಏರ್ಕಾಡಿನಲ್ಲಿ ಒಂದಿಷ್ಟು ಕಾಫಿ ತೋಟವುಂಟು. ಕಳೆದ ವರ್ಷ ಶ್ರಾವಣದಲ್ಲಿ ಮಠಕ್ಕೆ ಬಂದವರು ಬುದ್ಧಿಯವರ ಪಾದಕ್ಕೆ ನಮಸ್ಕರಿಸಿ ಒಂದು ಸಂಕಲ್ಪ ಹೇಳಿದರು. ತೋಟದ ಕೆಳಗೆ ಮುಕ್ಕಾಲು ಎಕರೆಯಷ್ಟು ಜೌಗು ಇದೆ. ಅದನ್ನು ಮಣ್ಣು ಹಾಕಿ ಎತ್ತರಿಸಿ, ಹಳೆಯ ಮರಗಳನ್ನು ತೆಗೆಸಿ, ಪ್ರವಾಸಿಗಳಿಗೆಂದು ಆರು ಕೊಠಡಿ ಕಟ್ಟಿಸುವುದು. ಅದರಲ್ಲಿ ಎರಡು ಕೊಠಡಿಯ ಬಾಡಿಗೆಯನ್ನು ಶಾಶ್ವತವಾಗಿ ಮಠದ ದಾಸೋಹಕ್ಕೆ ಬರೆದುಕೊಡುವುದು. ನಾನು ಅಲ್ಲೇ ಕುಳಿತು ಲೆಕ್ಕ ಹಾಕಿದೆ. ವರ್ಷಕ್ಕೆ ಎರಡೂವರೆ ಲಕ್ಷಕ್ಕೆ ಕಡಿಮೆಯಿಲ್ಲ. ನಮ್ಮಂಥ ಸಣ್ಣ ಮಠಕ್ಕೆ, ಗಡಿಭಾಗದಲ್ಲಿ ಹತ್ತಿಪ್ಪತ್ತು ಬಡ ಮಕ್ಕಳಿಗೆ ಊಟ-ವಸತಿ ನಡೆಸುವವರಿಗೆ, ಅದು ಸಣ್ಣ ಮೊತ್ತವಲ್ಲ. ಸ್ಥಳ ನೋಡಿಕೊಂಡು ಬಾ ಎಂದು ಬುದ್ಧಿಯವರು ನನ್ನನ್ನು ಕಳುಹಿಸಿದರು.

ಭಾದ್ರಪದದ ಮಳೆಯಲ್ಲಿ ಸೇಲಂನಿಂದ ಬಸ್ಸು ಹತ್ತಿದೆ. ಇಪ್ಪತ್ತು ಹೇರ್‌ಪಿನ್ ತಿರುವುಗಳನ್ನು ದಾಟಿದರೆ ಏರ್ಕಾಡು. ತಮಿಳಿನಲ್ಲಿ ಏರಿ ಎಂದರೆ ಕೆರೆ. ಕೆರೆಯೂ ಕಾಡೂ ಕೂಡಿದ ಊರು ಎಂಬ ಅರ್ಥದಲ್ಲಿ ಆ ಹೆಸರು. ನಮ್ಮ ಕನ್ನಡದ ಕಿವಿಗೆ ಏರಿ ಎಂದರೆ ಕೆರೆಯ ಕಟ್ಟೆ. ಎರಡು ಭಾಷೆಗಳು ಒಂದೇ ನೀರಿನ ಎರಡು ಭಾಗಕ್ಕೆ ಒಂದೇ ಹೆಸರಿಟ್ಟಿವೆ. ಸೇರ್ವರಾಯನ್ ಬೆಟ್ಟಸಾಲಿನ ಮೇಲಿನ ಈ ಊರಿಗೆ ಕಾಫಿ ಬಂದದ್ದು 1820ರ ದಶಕದಲ್ಲಿ, ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಎಂಬವರ ಕಾಲದಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಅಲ್ಲಿ ಇರುವವರು ಮಲಯಾಳಿ ಎಂದು ಕರೆಯಲ್ಪಡುವ ಗಿರಿಜನರು. ಕೇರಳದವರೆಂದು ತಿಳಿಯಬಾರದು, ಮಲೆಯನ್ನು ಆಳಿದವರು ಎಂಬ ಅರ್ಥದ ಹೆಸರು ಅದು, ಆಡುವುದು ತಮಿಳು. ಬೆಟ್ಟದ ನೆತ್ತಿಯ ಗುಹೆಯಲ್ಲಿ ಅವರ ದೇವರಾದ ಸೇರ್ವರಾಯನ್, ಜೊತೆಗೆ ಕಾವೇರಿ ಅಮ್ಮ. ನಮ್ಮ ಕೊಡಗಿನ ಕಾವೇರಿಯ ಹೆಸರನ್ನು ಅಲ್ಲಿ ಕೇಳಿದಾಗ ದೂರದ ಊರಿನಲ್ಲಿ ನೆಂಟರು ಸಿಕ್ಕಂತಾಯಿತು.

ಆ ರಾತ್ರಿ ತೋಟದ ಮನೆಯಲ್ಲಿ ತಂಗಿದೆ. ಊಟವಾಗಿ ದೀಪ ಆರಿಸಿದ ಮೇಲೆ ಕೆಳಗಿನ ಜೌಗಿನಿಂದ ಸದ್ದು ಶುರುವಾಯಿತು. ಒಂದು ಕಡೆ ಮರಕ್ಕೆ ಮರ ಬಡಿದಂತೆ ಟಕಟಕ. ಇನ್ನೊಂದು ಕಡೆ ಯಾರೋ ಎರಡು ಸಣ್ಣ ಕಲ್ಲುಗಳನ್ನು ತಟ್ಟಿದಂತೆ. ಮತ್ತೊಂದು ಕಡೆ ಸೀಟಿಯೂದಿದಂತೆ. ಮಳೆ ಜೋರಾದಾಗ ಸದ್ದೂ ಜೋರಾಗುತ್ತಿತ್ತು. ಬೆಳಿಗ್ಗೆ ಎದ್ದು ಯಜಮಾನರಿಗೆ, "ರಾತ್ರಿಯೆಲ್ಲ ನಿಮ್ಮ ಕಪ್ಪೆಗಳು ಭಜನೆ ಮಾಡಿದವು," ಎಂದೆ. ಅವರು ನಕ್ಕು, "ಇನ್ನೊಂದು ವರ್ಷ ಕಾಯಿರಿ ಸೆಕ್ರೆಟರಿಗಳೇ, ಆಮೇಲೆ ನಿಮಗೆ ಒಳ್ಳೆ ನಿದ್ದೆ ಬರುತ್ತೆ," ಎಂದರು.

ಅವರ ತಂಗಿಯ ಮಗ ಒಬ್ಬ ಹುಡುಗ ಅಲ್ಲಿದ್ದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾನೆ. ಅವನು ನನ್ನನ್ನು ತೋಟದ ಹಳೆಯ ಕಲ್ಲಿನ ತೊಟ್ಟಿಯ ಬಳಿಗೆ ಕರೆದೊಯ್ದು ತೋರಿಸಿದ. ತೊಟ್ಟಿಯ ಒಳಗೋಡೆಗೆ, ನೀರಿನಿಂದ ಒಂದು ಮೊಳ ಮೇಲೆ, ಸೋಪಿನ ನೊರೆಯಂಥ ಒಂದು ಮುದ್ದೆ ಅಂಟಿತ್ತು. "ಮರಗಪ್ಪೆಯ ಗೂಡು ಮಾವ. ತಾಯಿ ತನ್ನ ಮೈಯಿಂದ ಬರುವ ದ್ರವವನ್ನು ಕಾಲಿನಿಂದ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತೆ. ಹೊರಗೆ ಒಣಗಿದರೂ ಒಳಗೆ ಒದ್ದೆ ಇರುತ್ತೆ. ಮರಿಗಳು ನೊರೆಯಿಂದ ಜಾರಿ ಕೆಳಗಿನ ನೀರಿಗೆ ಬೀಳುತ್ತವೆ," ಎಂದ. ಮಜ್ಜಿಗೆ ಕಡೆಯುವ ಹೆಂಗಸಿನ ನೆನಪಾಗಿ ನನಗೆ ಆಶ್ಚರ್ಯವಾಯಿತು. ನಮ್ಮ ಬಯಲುಸೀಮೆಯ ಬಚ್ಚಲುಮನೆಗೂ ಬರುವ ಕಪ್ಪೆ ಇದು. ಎಷ್ಟೋ ಸಲ ಕಸಬರಿಗೆಯಿಂದ ಹೊರಗೆ ತಳ್ಳಿದ್ದೇನೆ. ಅದಕ್ಕೆ ಇಷ್ಟು ಕೆಲಸ ಗೊತ್ತೆಂದು ಈ ವಯಸ್ಸಿಗೆ ತಿಳಿಯಿತು.

ಹುಡುಗ ತನ್ನ ಮಾವನ ಕಡೆಗೆ ತಿರುಗಿ, "ಈ ಜೌಗು ಮುಚ್ಚಬೇಡಿ," ಎಂದ. ಯಜಮಾನರು ಸಿಟ್ಟಾಗಲಿಲ್ಲ. ನನ್ನನ್ನು ನೋಡಿ ಹೀಗೆ ಕೇಳಿದರು: "ನೀವೇ ಹೇಳಿ ಸೆಕ್ರೆಟರಿಗಳೇ. ಕಾಫಿ ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲ. ಆಳು ಸಿಗುವುದಿಲ್ಲ. ಮಗಳ ಮದುವೆಯ ಸಾಲ ಇದೆ. ಮಠದ ಮಕ್ಕಳು ಊಟ ಮಾಡಬೇಕು. ಇಷ್ಟನ್ನೆಲ್ಲ ಒಂದು ತಟ್ಟೆಗೆ ಹಾಕಿದ್ದೇನೆ. ಇನ್ನೊಂದು ತಟ್ಟೆಗೆ ಕಪ್ಪೆ ಹಾಕಿ ತೂಗಿ ನೋಡೋಣ. ಕಪ್ಪೆಯಿಂದ ಯಾರಿಗೆ ಏನು ಬರುತ್ತೆ? ಅದನ್ನು ಯಾವ ಖಾತೆಗೆ ಬರೀತೀರಿ?"

ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂಬ ಗಾದೆ ನಮ್ಮಲ್ಲುಂಟು. ಒಂದನ್ನು ಹಾಕಿದರೆ ಇನ್ನೊಂದು ಹಾರಿಹೋಗುತ್ತದೆ. ಆ ಗಾದೆಯ ನಿಜವಾದ ಅರ್ಥ ನನಗೆ ಆ ದಿನ ತಿಳಿಯಿತು. ಯಜಮಾನರ ಪ್ರಶ್ನೆ ದುಷ್ಟ ಪ್ರಶ್ನೆಯಲ್ಲ. ಸಂಸಾರಸ್ಥನಾದ ಪ್ರತಿಯೊಬ್ಬನೂ ಕೇಳುವಂಥದು. ಅದಕ್ಕೆ ಉತ್ತರ ಹುಡುಕಬೇಕಾದದ್ದು ನನ್ನ ಕರ್ತವ್ಯವಾಯಿತು.

ಸುಲಭವಾಗಿ ಕೈಗೆ ಸಿಗುವ ಉತ್ತರ, ಕಪ್ಪೆಯಿಂದ ಉಪಯೋಗ ಉಂಟು ಎಂಬುದು. ಕಪ್ಪೆ ಸೊಳ್ಳೆ, ಹುಳುಹುಪ್ಪಟೆ ತಿನ್ನುತ್ತದೆ. ನಮ್ಮ ದೇಶದಿಂದ ಒಂದು ಕಾಲಕ್ಕೆ ಗದ್ದೆಯ ದೊಡ್ಡ ಕಪ್ಪೆಗಳ ಕಾಲುಗಳನ್ನು ಸಾವಿರಾರು ಟನ್ನುಗಳಷ್ಟು ಪರದೇಶಗಳಿಗೆ ಊಟಕ್ಕೆಂದು ಕಳುಹಿಸುತ್ತಿದ್ದರು. ಕಪ್ಪೆ ಕಡಿಮೆಯಾಗಿ ಗದ್ದೆಗಳಲ್ಲಿ ಕೀಟಗಳು ಹೆಚ್ಚುತ್ತವೆ ಎಂಬ ಕೂಗೆದ್ದು, 1987ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಆದರೆ ಯೋಚಿಸಿ ನೋಡಿ: ಅಲ್ಲಿ ಗೆದ್ದದ್ದು ಕಪ್ಪೆಯಲ್ಲ, ಲೆಕ್ಕ. ಕಾಲಿನಿಂದ ಬರುವ ಹಣಕ್ಕಿಂತ ಕೀಟದಿಂದಾಗುವ ನಷ್ಟ ದೊಡ್ಡದೆಂದು ಕಂಡಿತು. ಲೆಕ್ಕ ತಿರುಗಿಬಿದ್ದಿದ್ದರೆ ಕಪ್ಪೆಯ ಗತಿಯೇನು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಬೆಟ್ಟಗಳಲ್ಲಿ ಒಂದು ಕಪ್ಪೆಯಿತ್ತು. 1970ರ ದಶಕದ ಆರಂಭದಲ್ಲಿ ಅದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. ತಾಯಿ ತನ್ನ ಮೊಟ್ಟೆಗಳನ್ನು ತಾನೇ ನುಂಗಿ, ಹೊಟ್ಟೆಯೊಳಗೆ ಮರಿ ಮಾಡಿ, ಬಾಯಿಂದ ಹೊರಬಿಡುತ್ತಿತ್ತು. ಮರಿಗಳು ಹೊಟ್ಟೆಯಲ್ಲಿರುವಷ್ಟು ದಿನ ಅಲ್ಲಿ ಆಮ್ಲವೇ ಸುರಿಯುತ್ತಿರಲಿಲ್ಲ. ಆ ಗುಟ್ಟು ತಿಳಿದರೆ ಮನುಷ್ಯರ ಹೊಟ್ಟೆ ಹುಣ್ಣಿಗೆ ಮದ್ದು ಸಿಗಬಹುದೆಂದು ವೈದ್ಯರು ಆಸೆಪಟ್ಟರು. 1981ರ ಬಳಿಕ ಕಾಡಿನಲ್ಲಿ ಅದು ಮತ್ತೆ ಕಾಣಲಿಲ್ಲ. ಸಾಕಿಕೊಂಡಿದ್ದ ಕಡೆಯದು 1983ರಲ್ಲಿ ಸತ್ತಿತು. ಈ ಕಥೆಯನ್ನು ಓದಿದವರೆಲ್ಲ, ಅಯ್ಯೋ ಔಷಧ ಹೋಯಿತಲ್ಲ ಎಂದು ಮರುಗುತ್ತಾರೆ. ತಾಯಿ ಹೋಯಿತಲ್ಲ ಎಂದು ಮರುಗುವವರು ಕಡಿಮೆ. ಉಪಯೋಗದ ಉತ್ತರದಲ್ಲಿರುವ ದೋಷ ಇದೇ. ಅದು ಕಪ್ಪೆಯನ್ನು ನಮ್ಮ ಆಳನ್ನಾಗಿ ಮಾಡಿ, ಕೆಲಸ ಮಾಡುವ ತನಕ ಅನ್ನ ಹಾಕುತ್ತೇನೆ ಎನ್ನುತ್ತದೆ. ಮುದಿ ತಂದೆ-ತಾಯಿಯನ್ನು ಈ ತಕ್ಕಡಿಯಲ್ಲಿ ಕೂರಿಸಿದರೆ ಏನಾದೀತು? ಮಠದ ದಾಸೋಹಕ್ಕೆ ಬರುವ ಕುರುಡ, ಕುಂಟ, ಅನಾಥರನ್ನು ಇವರಿಂದ ನಮಗೇನು ಬರುತ್ತದೆ ಎಂದು ಕೇಳಿ ಊಟಕ್ಕೆ ಕೂರಿಸುತ್ತೇವೆಯೇ? ಕೇಳಿದ ದಿನ ದಾಸೋಹವು ಹೋಟೆಲಾಗುತ್ತದೆ.

ಹಾಗಾದರೆ ಕಪ್ಪೆಗೆ ತನ್ನದೇ ಆದ ಬೆಲೆ ಏನು? ಅದನ್ನು ತಿಳಿಯಬೇಕಾದರೆ ಅದರ ಬದುಕನ್ನು ನೋಡಬೇಕು. ಆ ಹುಡುಗ ಹೇಳಿದ, ಆಮೇಲೆ ನಾನು ಪುಸ್ತಕ ತರಿಸಿ ಓದಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ, ಶರಾವತಿ ಕಣಿವೆಯ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳು ನೀರಿನಲ್ಲೇ ನಿಂತಿರುವ ಜೌಗುಗಳಿವೆ. ಅಲ್ಲಿಯವರು ಅದನ್ನು ಜಡ್ಡಿ ಎನ್ನುತ್ತಾರೆ. ಅಲ್ಲಿ ಡಾ. ಕೆ.ವಿ. ಗುರುರಾಜ ಮತ್ತು ಅವರ ಸಂಗಡಿಗರು ಒಂದು ಇರುಳುಗಪ್ಪೆಯನ್ನು ಗುರುತಿಸಿ 2014ರಲ್ಲಿ ಲೋಕಕ್ಕೆ ತಿಳಿಸಿದರು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಹಿಂಗಾಲಿನ ಮೇಲೆ ನಿಂತು, ತೊರೆಯ ತಳದ ಕೆಸರನ್ನು ಮುಂಗೈಗಳಲ್ಲಿ ಎತ್ತಿ, ಆ ಮೊಟ್ಟೆಗಳ ಗೊಂಚಲಿಗೆ ಸುತ್ತಲೂ ಮೆತ್ತುತ್ತದೆ. ಗಡಿಗೆಗೆ ಮಣ್ಣು ಮೆತ್ತುವಂತೆ. ಮೊಟ್ಟೆ ಒಣಗದಂತೆ, ಶತ್ರುಗಳ ಕಣ್ಣಿಗೆ ಬೀಳದಂತೆ ಈ ಏರ್ಪಾಡು ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ನಮ್ಮ ಕನ್ನಡದ್ದೇ: ಕುಂಬಾರ. ಶರಣ ಕುಂಬಾರ ಗುಂಡಯ್ಯನವರ ಕಥೆಯನ್ನು ಕೇಳುತ್ತ ಬೆಳೆದ ನಮಗೆ ಆ ಹೆಸರು ಸುಮ್ಮನೆ ಕಿವಿಯ ಮೇಲೆ ಬಿದ್ದು ಹೋಗುವಂಥದಲ್ಲ. ಕೂಲಿಯಿಲ್ಲ, ನೋಡುವವರಿಲ್ಲ, ಹೊಗಳುವವರಿಲ್ಲ. ಕತ್ತಲಲ್ಲಿ, ಮಳೆಯಲ್ಲಿ, ತನ್ನ ಪಾಲಿನ ಕೆಲಸವನ್ನು ಆ ಜೀವ ಮಾಡಿ ಮುಗಿಸುತ್ತದೆ. ಅದಕ್ಕೆ ಕಾಯಕವೆಂಬ ಹೆಸರು ಸಲ್ಲುವುದೋ ಇಲ್ಲವೋ ಹಿರಿಯರು ಹೇಳಬೇಕು. ನನಗೆ ಮಾತ್ರ ಕೈ ಜೋಡಿಸಬೇಕೆನ್ನಿಸಿತು.

ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಇನ್ನೊಂದು ಕಪ್ಪೆಯಿದೆ. ತೊರೆಯ ಭೋರ್ಗರೆತದಲ್ಲಿ ಕೂಗು ಕೇಳಿಸದೆಂದು ಗಂಡು ತನ್ನ ಹಿಂಗಾಲನ್ನು ಚಾಚಿ ಬೀಸಿ ತೋರಿಸುತ್ತದೆ. ನೋಡಿದವರಿಗೆ ಕುಣಿತದಂತೆ ಕಾಣುತ್ತದೆ. ಇದನ್ನು 1937ರಲ್ಲಿ ಮೊದಲಿಗೆ ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. ಇವರೇ 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಮಲೆನಾಡಿನ ಕೆಂಪುಹೊಳೆ, ಕೊಡಗು ಎಂದು ಸುತ್ತಿ ಕಪ್ಪೆಗಳನ್ನು ಗುರುತಿಸಿದರು. ಅವರು ಜೋಪಾನ ಮಾಡಿದ್ದ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಲೆಕ್ಕದವನಾದ ನನಗೆ ಇದು ಮೂಲ ರಸೀದಿಯೇ ಕಳೆದುಹೋದ ಹಾಗೆ. ಬಂದದ್ದು ನಿಜ, ಬರೆದದ್ದು ನಿಜ, ತೋರಿಸು ಎಂದರೆ ಕೈಯಲ್ಲಿಲ್ಲ. ಮುಂದೆ ಬಂದ ವಿಜ್ಞಾನಿಗಳು ಅದೇ ಹಳ್ಳಗಳಿಗೆ ಮತ್ತೆ ಇಳಿದು ಮತ್ತೆ ಹುಡುಕಬೇಕಾಯಿತು. ಹಳ್ಳ ಇತ್ತು, ಆದ್ದರಿಂದ ಹುಡುಕಲು ಸಾಧ್ಯವಾಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಆ ಹಿರಿಯರ ಹೆಸರನ್ನೇ ಸೇರಿಸಿ 'ರಾವೋರ್ಕೆಸ್ಟಿಸ್' ಎಂದು ಕರೆದರು. ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಎಲೆಯ ಮೇಲೋ ನೆಲದಲ್ಲೋ ಇಟ್ಟ ಮೊಟ್ಟೆಯೊಳಗೇ ಬೆಳೆದು, ಉಗುರಿನಷ್ಟು ಕಪ್ಪೆಯಾಗಿಯೇ ಹೊರಬರುತ್ತವೆ. ಅದಕ್ಕೆ ಬೇಕಾದದ್ದು ಕೆರೆಯಲ್ಲ, ಹೊಂಡವಲ್ಲ. ಗಾಳಿಯಲ್ಲಿ ತೇವ, ಮರದ ನೆರಳು, ಅಷ್ಟೆ. ಆ ನೆರಳು ಹೋದರೆ ಮೊಟ್ಟೆ ಒಣಗಿತು, ವಂಶ ಮುಗಿಯಿತು.

ಯಜಮಾನರು ಇನ್ನೊಂದು ಮಾತು ಹೇಳಿದ್ದರು: "ಇಲ್ಲಿ ಮುಚ್ಚಿದರೆ ಬೇರೆ ಕಡೆ ಹೋಗಲಿ ಬಿಡಿ. ಬೆಟ್ಟ ದೊಡ್ಡದಿದೆ." ಈ ಮಾತು ಮನುಷ್ಯರ ಮಟ್ಟಿಗೆ ಸರಿ. ಅವರ ಅಜ್ಜ ಧರ್ಮಪುರಿಯಿಂದ ಸೇಲಂಗೆ ಹೋಗಲಿಲ್ಲವೇ? ಆದರೆ ಕಪ್ಪೆ ಚರ್ಮದ ಮೂಲಕವೇ ನೀರು ಕುಡಿಯುವ, ಚರ್ಮದ ಮೂಲಕವೂ ಉಸಿರಾಡುವ ಜೀವಿ. ಬಿಸಿಲಿನ ಬಂಡೆ ಅದಕ್ಕೆ ಕಾದ ಹೆಂಚು. ಏರ್ಕಾಡಿನ ಬೆಟ್ಟ ಬಯಲಿನ ನಡುವೆ ಒಂಟಿಯಾಗಿ ಎದ್ದಿದೆ. ಐದು ಸಾವಿರ ಅಡಿ ಎತ್ತರದ ತಂಪಿಗೆ ಹೊಂದಿಕೊಂಡ ಜೀವಿಗೆ ಸುತ್ತಲಿನ ಬಯಲು ಉಪ್ಪುಸಮುದ್ರವಿದ್ದಂತೆ, ಬೆಟ್ಟವು ದ್ವೀಪವಿದ್ದಂತೆ. ಅದಕ್ಕೇ ಇಂಥ ಬೆಟ್ಟಗಳಲ್ಲಿ ಬೇರೆಲ್ಲೂ ಸಿಗದ ಜೀವಿಗಳಿರುತ್ತವೆ. ಏರ್ಕಾಡಿನ ಹೆಸರನ್ನೇ ಹೊತ್ತ ಒಂದು ಸಣ್ಣ ಹಲ್ಲಿಯನ್ನು 2000ದಲ್ಲಿ ವಿಜ್ಞಾನಿಗಳು ವರ್ಣಿಸಿದರು. 1863ರಲ್ಲಿ ಬೆಡ್ಡೋಮ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿನ ಮಣ್ಣಿನೊಳಗೆ ವಾಸಿಸುವ ಒಂದು ಹಾವಿಗೆ ಹೆಸರಿಟ್ಟರು. ಬಹುಕಾಲ ಅದನ್ನು ಬೇರೊಂದು ಹಾವಿನ ಹೆಸರಿನಡಿ ಸೇರಿಸಿಟ್ಟು, ಈಚೆಗೆ ಮತ್ತೆ ಬೇರೆಯೆಂದು ಒಪ್ಪಿದರು. ನೂರೈವತ್ತು ವರ್ಷ ನೋಡಿದರೂ ಪೂರ್ತಿ ಅರ್ಥವಾಗದ ಬೆಟ್ಟದಲ್ಲಿ ಮುಕ್ಕಾಲು ಎಕರೆಯನ್ನು ಏನೂ ಇಲ್ಲದ ಜಾಗ ಎಂದು ಬರೆಯಲು ನನ್ನ ಲೇಖನಿ ಹಿಂಜರಿಯಿತು. ಎಣಿಸದ ಸಾಮಾನನ್ನು ಸೊನ್ನೆ ಎಂದು ದಾಸ್ತಾನು ಪುಸ್ತಕದಲ್ಲಿ ಬರೆಯುವ ಗುಮಾಸ್ತನನ್ನು ಯಾರು ಕೆಲಸದಲ್ಲಿಟ್ಟುಕೊಳ್ಳುತ್ತಾರೆ?

ಕೋಸ್ಟರಿಕಾ ದೇಶದ ಮಾಂಟೆವರ್ಡೆ ಎಂಬಲ್ಲಿ ಮಂಜು ಕವಿದ ಬೆಟ್ಟದ ಕಾಡಿದೆ. ಅಲ್ಲಿ ಬಂಗಾರದ ಬಣ್ಣದ ಒಂದು ನೆಲಗಪ್ಪೆ ಇತ್ತು. 1987ರ ಮಳೆಗಾಲದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಕಂಡವು. ಮರುವರ್ಷ ಕಂಡದ್ದು ಹತ್ತು. 1989ರಲ್ಲಿ ಒಂದೇ ಒಂದು ಗಂಡು. ಅದೇ ಕಡೆ. 2004ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಿದರು. ಅಲ್ಲಿ ಯಾರೂ ಕಾಡು ಕಡಿದಿರಲಿಲ್ಲ. ಅದು ರಕ್ಷಿತ ಅರಣ್ಯವೇ. ಹವೆಯ ಬದಲಾವಣೆ, ಕಪ್ಪೆಗಳ ಚರ್ಮಕ್ಕೆ ತಗಲುವ ಒಂದು ಬಗೆಯ ಬೂಷ್ಟು ರೋಗ, ಹೀಗೆ ಕಾರಣಗಳನ್ನು ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಎಂಟು ಸಾವಿರ ಜಾತಿಯ ಉಭಯಚರಗಳನ್ನು ಪರಿಶೀಲಿಸಿ, ನೂರಕ್ಕೆ ನಲವತ್ತೊಂದರಷ್ಟು ಜಾತಿಗಳು ಅಪಾಯದಲ್ಲಿವೆ ಎಂದಿದೆ. ನಮ್ಮ ಕೈ ಮೀರಿದ ಕಾರಣಗಳಿಂದಲೇ ಇಷ್ಟು ಹೋಗುತ್ತಿರುವಾಗ, ನಮ್ಮ ಕೈಯಲ್ಲೇ ಇರುವ ಜಾಗದ ವಿಚಾರದಲ್ಲಿ ನಾವು ಇನ್ನಷ್ಟು ಎಚ್ಚರದಿಂದಿರಬೇಡವೇ?

ಇಷ್ಟಾದರೂ ಎದುರು ಪಕ್ಷದ ವಾದವನ್ನು ಕೇಳದೆ ತೀರ್ಪು ಹೇಳಬಾರದು. ಜೀವವೆಂದ ಮೇಲೆ ಸಾವುಂಟು. ಹಾವು ಕಪ್ಪೆಯನ್ನು ನುಂಗುತ್ತದೆ. ರೈತ ನೇಗಿಲು ಹೂಡಿದರೆ ಎಷ್ಟೋ ಹುಳು ಸಾಯುತ್ತವೆ. ಏರ್ಕಾಡಿನ ಕಾಫಿ ತೋಟಗಳೂ ಒಂದು ಕಾಲಕ್ಕೆ ಕಾಡು ಕಡಿದು ಮಾಡಿದವೇ. ಅಲ್ಲಿನ ಬೆಟ್ಟದ ತಲೆಗಳನ್ನು ಬಾಕ್ಸೈಟ್ ಅದಿರಿಗಾಗಿ ಅಗೆದು ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆಗೆ ಸಾಗಿಸಿದ ಕಾಲವೂ ಇತ್ತು. ಆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಂಡು, ಆ ಕಾಫಿ ಕುಡಿದು, ಒಬ್ಬ ಸಣ್ಣ ತೋಟದವನಿಗೆ ಮಾತ್ರ ಉಪದೇಶ ಮಾಡುವುದು ನ್ಯಾಯವೇ? ಈ ಪ್ರಶ್ನೆ ನನ್ನನ್ನು ನಿಜವಾಗಿಯೂ ಕಾಡಿತು. ಅನ್ಯರ ಜೇಬಿನಿಂದ ಪುಣ್ಯ ಸಂಪಾದಿಸುವುದು ಬಹಳ ಸುಲಭ.

ಈ ತೊಡಕನ್ನು ಬಿಡಿಸಲು ನನಗೆ ನೆರವಾದದ್ದು ನಾನು ಓದಿದ ವಾಣಿಜ್ಯಶಾಸ್ತ್ರವೇ. ಅದರಲ್ಲಿ ಅಸಲು ಬೇರೆ, ಬಡ್ಡಿ ಬೇರೆ. ಒಂದು ಕಪ್ಪೆ ಸಾಯುವುದು ಬಡ್ಡಿ ಖರ್ಚಾದಂತೆ. ಹಾವು ತಿನ್ನುವುದು ಬಡ್ಡಿಯನ್ನು. ಮುಂದಿನ ಮಳೆಗೆ ಮತ್ತೆ ಹುಟ್ಟುತ್ತದೆ. ಆದರೆ ಜೌಗನ್ನೇ ಮುಚ್ಚುವುದು ಅಸಲನ್ನೇ ಕರಗಿಸಿದಂತೆ. ಬಡ್ಡಿ ತಿಂದವನು ಉಂಡವನು; ಅಸಲು ತಿಂದವನು ಮನೆ ಹಾಳು ಮಾಡಿದವನು. ನೇಗಿಲಿನ ಕೆಳಗೆ ಹುಳು ಸಾಯುವುದಕ್ಕೂ ಒಂದು ವಂಶದ ಮನೆಬಾಗಿಲು ಮುಚ್ಚುವುದಕ್ಕೂ ಇರುವ ಅಂತರ ಇದು.

ಎರಡನೆಯದು, ಅಸಲು ಯಾರದು? ಮಠದ ಹಣ ನನ್ನ ಕೈಯಲ್ಲಿ ಓಡಾಡುತ್ತದೆ. ಬೀಗದ ಕೈ ನನ್ನ ಬಳಿಯಿದೆ. ಆದರೆ ಅದು ನನ್ನದಲ್ಲ. ಕೊಟ್ಟವರು ಹಿಂದಿನವರು, ಉಣ್ಣುವವರು ಮುಂದಿನವರು. ನಾನು ನಡುವೆ ನಿಂತ ವಿಶ್ವಸ್ತ ಮಾತ್ರ. ವಿಶ್ವಸ್ತನು ಖರ್ಚು ಮಾಡಬಹುದು, ಮಾರಿಕೊಳ್ಳಬಾರದು. ಭೂಮಿಯ ಮೇಲೆ ಪಟ್ಟಾ ಯಾರ ಹೆಸರಿನಲ್ಲಿದ್ದರೂ ಆ ನೀರು, ಆ ನೆರಳು, ಅದರೊಳಗಿನ ವಂಶಗಳ ವಿಷಯದಲ್ಲಿ ನಾವೆಲ್ಲರೂ ಇಂಥ ವಿಶ್ವಸ್ತರೇ. ಕಪ್ಪೆಯು ಪಟ್ಟಾ ಮಾಡಿಸಿಕೊಳ್ಳಲಿಲ್ಲ ಎಂಬುದು ಅದರ ತಪ್ಪಲ್ಲ.

ಮೂರನೆಯದು, ತಿದ್ದಬಹುದಾದ ತಪ್ಪು ಮತ್ತು ತಿದ್ದಲಾಗದ ತಪ್ಪು. ಖಾತೆಯಲ್ಲಿ ತಪ್ಪಾದರೆ ತಿದ್ದುಪಡಿ ನಮೂದು ಬರೆಯಬಹುದು. ಹಣ ಹೋದರೆ ಮತ್ತೆ ಬಂದೀತು. ಕೊಠಡಿ ಈ ವರ್ಷ ಕಟ್ಟದಿದ್ದರೆ ಮುಂದಿನ ವರ್ಷ ಕಟ್ಟಬಹುದು. ಹೋದ ಜೀವಜಾತಿಗೆ ತಿದ್ದುಪಡಿ ನಮೂದು ಇಲ್ಲ. ಎರಡು ದಾರಿಗಳಲ್ಲಿ ಒಂದರಿಂದ ಹಿಂದಕ್ಕೆ ಬರಬಹುದು, ಇನ್ನೊಂದರಿಂದ ಬರಲಾಗದು ಎಂದಿರುವಾಗ, ಸಂದೇಹದ ಲಾಭವನ್ನು ಯಾವುದಕ್ಕೆ ಕೊಡಬೇಕೆಂಬುದು ಸಾಮಾನ್ಯ ವಿವೇಕಕ್ಕೆ ತಿಳಿಯುವಂಥದು.

ಇಷ್ಟು ಬರೆಯುವಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಮಾತು ಟೊಳ್ಳಾದೀತು. ಹನ್ನೆರಡು ವರ್ಷದ ಹಿಂದೆ ನಾನು ಹೊಸದಾಗಿ ಕಾರ್ಯದರ್ಶಿಯಾದಾಗ ನಮ್ಮ ಮಠದ ಕಲ್ಯಾಣಿಯನ್ನು ಸ್ವಚ್ಛ ಮಾಡಿಸಿದೆ. ಹೂಳು ತೆಗೆಸಿ, ಕಲ್ಲುಗಳ ಸಂದುಗಳಿಗೆ ಸಿಮೆಂಟು ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಎಲ್ಲರೂ ಮೆಚ್ಚಿದರು. ಮುಂದಿನ ಮುಂಗಾರಿನಲ್ಲಿ ರಾತ್ರಿ ಮಠ ಬಹಳ ನಿಶ್ಶಬ್ದವಾಗಿತ್ತು. ಅಡಿಗೆಮನೆಯ ಅಜ್ಜಿ ಒಂದು ದಿನ, "ಏನಪ್ಪಾ, ಈ ಸಲ ಕಪ್ಪೆ ಕೂಗಲೇ ಇಲ್ವಲ್ಲ," ಎಂದರು. ನಾನು ಕೇಳಿಸಿಕೊಂಡು ಸುಮ್ಮನಾದೆ. ಆ ಮಾತಿನ ಅರ್ಥ ನನಗೆ ತಿಳಿಯಲು ಹನ್ನೆರಡು ವರ್ಷ ಕಳೆದು ಏರ್ಕಾಡಿನ ಜೌಗಿನ ಪಕ್ಕ ಮಲಗಬೇಕಾಯಿತು. ಆ ಖರ್ಚಿನ ರಸೀದಿ ಇಂದಿಗೂ ಫೈಲಿನಲ್ಲಿದೆ: ಸಿಮೆಂಟು, ಕೂಲಿ, ಪೌಡರ್. ಹೋದದ್ದರ ರಸೀದಿ ಇಲ್ಲ.

ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕಪ್ಪೆ ಶಂಕರ ಎಂಬ ಸ್ಥಳವಿದೆ. ಬಿಸಿಲಿನಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯ ನೆರಳು ಕೊಟ್ಟುದನ್ನು ಶಂಕರಾಚಾರ್ಯರು ಕಂಡರೆಂದು ಐತಿಹ್ಯ. ವೈರ ಮರೆತ ಆ ನೆಲದಲ್ಲಿ ಅವರು ಪೀಠ ಸ್ಥಾಪಿಸಿದರಂತೆ. ಯಾವ ಮತದವರ ಕಥೆಯಾದರೇನು, ಒಂದು ವಿಷಯ ಗಮನಿಸಬೇಕು. ಸರ್ಪವು ಆ ಕಪ್ಪೆಯನ್ನು ಎತ್ತಿ ಸಾಕಲಿಲ್ಲ. ಅದಕ್ಕೆ ಪೂಜೆ ಮಾಡಲಿಲ್ಲ. ಆ ಹೊತ್ತಿನಲ್ಲಿ ತಿನ್ನದೆ ಬಿಟ್ಟಿತು, ನೆರಳಾಗಿ ನಿಂತಿತು. ಬಲವುಳ್ಳವನು ತನ್ನ ಬಲವನ್ನು ಬಳಸದೆ ಇರುವುದೇ ಅಲ್ಲಿಯ ಧರ್ಮ. ದಯೆ ಎಂದರೆ ಕೊಡುವುದೊಂದೇ ಅಲ್ಲ, ತೆಗೆದುಕೊಳ್ಳದೆ ಇರುವುದೂ ದಯೆಯೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನಾನು ಹಿಂದಿರುಗಿ ಸಮಿತಿಯ ಮುಂದೆ ವರದಿ ಇಟ್ಟೆ. ಲಾಭದ ಅಂಕಿಗಳನ್ನು ಮುಚ್ಚಿಡಲಿಲ್ಲ. ಕೆಲವು ಹಿರಿಯರಿಗೆ ಬೇಸರವಾಯಿತು. ಕಪ್ಪೆಗೋಸ್ಕರ ಮಕ್ಕಳ ಅನ್ನ ಬಿಡುವುದೇ ಎಂದು ಒಬ್ಬರು ಎದ್ದು ನಿಂತು ಕೇಳಿದರು. ಅವರ ಮಾತಿನಲ್ಲೂ ನೋವಿತ್ತು. ಆದರೆ ಬುದ್ಧಿಯವರು ಎಲ್ಲ ಕೇಳಿ, "ದಾಸೋಹಕ್ಕೆ ಬರುವ ಅನ್ನ ಇನ್ನೊಬ್ಬರ ಮನೆ ಮುಚ್ಚಿ ಬರಬಾರದು," ಎಂದಷ್ಟೇ ಹೇಳಿದರು. ಆ ಜೌಗಿನ ಮೇಲೆ ಕಟ್ಟುವ ಕೊಠಡಿಗಳ ಪಾಲು ಮಠಕ್ಕೆ ಬೇಡವೆಂದು ನಿರ್ಣಯವಾಯಿತು. ಯಜಮಾನರಿಗೆ ಏನು ಮಾಡಬೇಕೆಂದು ಆಜ್ಞೆ ಮಾಡುವ ಅಧಿಕಾರ ನಮಗಿಲ್ಲ. ತೋಟದ ಮೇಲ್ಭಾಗದಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಹಳೆಯ ಕಾಫಿ ಕಣದ ಮೇಲೆ ಮೂರು ಕೊಠಡಿ ಕಟ್ಟಬಹುದೆಂದು ನಾನು ಲೆಕ್ಕ ಹಾಕಿ ಬರೆದು ಕಳುಹಿಸಿದೆ. ಆದಾಯ ಅರ್ಧವಾಗುತ್ತದೆ, ಅದನ್ನೂ ಬರೆದೆ. ಎರಡು ತಿಂಗಳು ಉತ್ತರ ಬರಲಿಲ್ಲ. ಆಮೇಲೆ ಒಂದು ಕಾಗದ ಬಂತು: ಈ ವರ್ಷ ಜೌಗಿನ ತಂಟೆಗೆ ಹೋಗುವುದಿಲ್ಲ, ಮುಂದಿನದು ಮುಂದೆ ನೋಡೋಣ. ಇದು ಗೆಲುವೆಂದು ನಾನು ಹೇಳಲಾರೆ. ಒಂದು ಮಳೆಗಾಲದ ವಾಯಿದೆ, ಅಷ್ಟೆ. ಮಠಕ್ಕೆ ಬರಬೇಕಾಗಿದ್ದ ಎರಡೂವರೆ ಲಕ್ಷ ಬರುವುದಿಲ್ಲ. ಮಕ್ಕಳ ಹಾಸ್ಟೆಲಿನ ಮಾಳಿಗೆ ಈ ವರ್ಷವೂ ಸೋರುತ್ತದೆ. ಆ ಕೊರತೆಯನ್ನು ತಾವೆಲ್ಲರೂ ಹಂಚಿಕೊಳ್ಳಬೇಕೆಂದು ಪ್ರಾರ್ಥನೆ. ನಾವು ಒಂದು ತತ್ತ್ವಕ್ಕೆ ಬೆಲೆ ಕೊಟ್ಟಿದ್ದೇವೆಂದರೆ ಆ ಬೆಲೆಯನ್ನು ನಾವೇ ತೆರಬೇಕು, ಮಕ್ಕಳ ತಲೆಯ ಮೇಲೆ ಹೊರಿಸಬಾರದು.

ತೋಟ, ಗದ್ದೆ, ಮನೆ ಇರುವ ಭಕ್ತರಲ್ಲಿ ನನ್ನ ವಿನಂತಿ ಇಷ್ಟೆ. ತಮ್ಮ ಜಮೀನಿನಲ್ಲಿ ಒದ್ದೆಯಾಗಿರುವ ಒಂದು ಮೂಲೆ ಇದ್ದರೆ ಅದನ್ನು ಹಾಗೇ ಬಿಡಿ. ಮೈಲುತುತ್ತದ ದ್ರಾವಣವನ್ನಾಗಲಿ ಕೀಟನಾಶಕವನ್ನಾಗಲಿ ಹಳ್ಳದ ಬಳಿ ಕಲಸಬೇಡಿ, ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ಕಲ್ಯಾಣಿ, ಬಾವಿ ಸ್ವಚ್ಛ ಮಾಡಿಸುವವರು ಕಲ್ಲಿನ ಸಂದುಗಳನ್ನು ಎಲ್ಲ ಕಡೆ ಮುಚ್ಚಬೇಡಿ. ನಮ್ಮ ಮಠದ ಕಲ್ಯಾಣಿಯ ಒಂದು ಮಗ್ಗುಲಿನ ಸಿಮೆಂಟನ್ನು ಕಳೆದ ಚಳಿಗಾಲದಲ್ಲಿ ಒಡೆಸಿ ತೆಗೆಸಿದ್ದೇನೆ. ಪೌಡರ್ ನಿಲ್ಲಿಸಿದ್ದೇನೆ. ಆ ಖರ್ಚನ್ನು ಯಾವ ಶೀರ್ಷಿಕೆಯಲ್ಲಿ ಬರೆಯಲಿ ಎಂದು ಲೆಕ್ಕಪರಿಶೋಧಕರು ಕೇಳಿದರು. ಬಹಳ ಹೊತ್ತು ಯೋಚಿಸಿ, ಹಳೆಯ ಬಾಕಿ ಪಾವತಿ ಎಂದು ಬರೆಸಿದೆ.

ಈ ಮುಂಗಾರಿನಲ್ಲಿ ಅಡಿಗೆಮನೆಯ ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿ ಇಬ್ಬರೂ ಕಿವಿಗೊಟ್ಟು ಕೇಳಬೇಕೆಂದಿದ್ದೇನೆ.

ಶರಣು.